ಕುದುರೆ ಬಾಲದ ಕೂದಲು ಉಜ್ಜಿ ಉಜ್ಜಿ ಹೋಗಿದೆ, ಮತ್ತೆ ಬೆಳೆಯುತ್ತಾ?

ಲಾಯಕ್ಕೆ_ಹೊಸಬ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕೆಂಚು ಬಣ್ಣದ ಒಂದು ಹೆಣ್ಣು ಕುದುರೆ ಇದೆ. ತಂದಾಗ ಬಾಲ ಹಿಂಗಾಲಿನ ಕೀಲು ದಾಟಿ ಕೆಳಕ್ಕೆ ಇಳೀತಿತ್ತು. ಈಗ ನೋಡಿದ್ರೆ ಬುಡದಲ್ಲಿ ಒಂದು ಗೇಣು ಉದ್ದಕ್ಕೆ ಕೂದಲೆಲ್ಲ ತುಂಡಾಗಿ ಪಾತ್ರೆ ಉಜ್ಜೋ ಬ್ರಷ್ ಥರ ನೆಟ್ಟಗೆ ನಿಂತಿದೆ, ಕೆಳಗಡೆ ಬರೀ ಜೊಂಪೆ. ಬಾಗಿಲ ಚೌಕಟ್ಟಿಗೆ ಹಿಂಭಾಗ ಕೊಟ್ಟು ನಿಂತು, ಕಣ್ಣು ಅರ್ಧ ಮುಚ್ಚಿ, ಆರಾಮಾಗಿ ಉಜ್ಜುತ್ತೆ. ಚೌಕಟ್ಟಿನಲ್ಲಿ ಒಂದು ಮೊಳೆ ತಲೆ ಎದ್ದಿದೆ, ಅದಕ್ಕೆ ದಿನಾ ಒಂದಿಷ್ಟು ಕೂದಲು ಸಿಕ್ಕಿಕೊಂಡಿರುತ್ತೆ.

ಯಾವ ಎಣ್ಣೆ ಹಚ್ಚಿದ್ರೆ ಬೇಗ ಬೆಳೆಯುತ್ತೆ? ಪೂರ್ತಿ ಬಾಲ ಬರೋಕೆ ಎಷ್ಟು ದಿನ ಬೇಕು? ಬುಡದ ತನಕ ಬೋಳಿಸಿಬಿಟ್ರೆ ದಟ್ಟವಾಗಿ ಬರುತ್ತೆ ಅಂತ ಲಾಯದಲ್ಲಿ ಒಬ್ರು ಹೇಳ್ತಿದಾರೆ, ನಿಜವಾ?

ನಾಲ್ಕುಕಾಲು
ಮೊದಲು ಆ ಮೊಳೆ ಕೀಳಿ ಮಾರಾಯ್ರೇ.

ಎಣ್ಣೆಬಾಟಲಿ
ಕೊಬ್ಬರಿ ಎಣ್ಣೆ ಸ್ವಲ್ಪ ಬೆಚ್ಚಗೆ ಮಾಡಿ ಬುಡಕ್ಕೆ ತಿಕ್ಕಿ. ವಾರಕ್ಕೆ ಎರಡು ಸಲ. ನಾನು ಬಹಳ ವರ್ಷದಿಂದ ಇದನ್ನೇ ಮಾಡ್ತಿರೋದು, ನನ್ನ ಕುದುರೆಗಳ ಬಾಲ ನೋಡಿದವರೆಲ್ಲ ಕೇಳ್ತಾರೆ ಏನು ಹಚ್ತೀರಿ ಅಂತ. ಬೇರೆ ಯಾವ ಔಷಧಾನೂ ಬೇಡ.

ಕಡಿವಾಣ
ಎಣ್ಣೆ ಆಮೇಲೆ. ಕೂದಲು ಹೋಗಿರೋದಲ್ಲ ಸಮಸ್ಯೆ, ಕುದುರೆ ಉಜ್ಜುತ್ತಿರೋದು ಸಮಸ್ಯೆ. ಅದು ಯಾಕೆ ಉಜ್ಜುತ್ತಿದೆ ಅಂತ ಕಂಡುಹಿಡಿಯದೆ ಹೊಸ ಕೂದಲು ಬೆಳೆಸಿದ್ರೆ ಏನಾಗುತ್ತೆ? ಚೌಕಟ್ಟಿಗೆ ಉಜ್ಜೋಕೆ ಹೊಸ ಕೂದಲು ಸಿಗುತ್ತೆ, ಅಷ್ಟೇ.

ಒಂದು ಕೆಲಸ ಮಾಡಿ. ಬಾಲ ಎತ್ತಿ ಕೆಳಗಡೆ ನೋಡಿ. ಗುದದ ಸುತ್ತ ಒಣಗಿದ ಹಳದಿ ಮಿಶ್ರಿತ ಬಿಳಿ ಪೊರೆ, ಅಂಟಂಟು ಕಾಣುತ್ತಾ? ಬುಡದ ಚರ್ಮದಲ್ಲಿ ಹುರುಪೆ, ಹೊಟ್ಟು, ಗಾಯ ಇದೆಯಾ? ಕತ್ತಿನ ಮೇಲಿನ ಕೂದಲನ್ನೂ ಉಜ್ಜುತ್ತಿದೆಯಾ ಅಥವಾ ಬಾಲ ಮಾತ್ರಾನಾ? ವರ್ಷಪೂರ್ತಿ ಇದೆಯಾ, ಇಲ್ಲ ಸೊಳ್ಳೆ ನೊರಜು ಹೆಚ್ಚಾದಾಗ ಮಾತ್ರಾನಾ? ಇಷ್ಟು ಹೇಳಿ, ಉಳಿದಿದ್ದು ಮಾತಾಡೋಣ.

ನೋಡುವಾಗ ಪಕ್ಕದಲ್ಲಿ ನಿಂತು ನೋಡಿ. ನೇರ ಹಿಂದೆ ನಿಲ್ಲಬೇಡಿ, ಎಷ್ಟೇ ಸಾಧು ಆಗಿರಲಿ.

ಗೊರಸುಪ್ರಿಯೆ
ಕಡಿವಾಣ ಅಣ್ಣ ಹೇಳಿದ್ದು ಸರಿ. ಇನ್ನೊಂದು ಸೇರಿಸ್ತೀನಿ: ಹೆಣ್ಣು ಕುದುರೆ ಆದ್ರೆ ಕೆಚ್ಚಲ ಮಧ್ಯದ ಸಂದಿಯಲ್ಲಿ ಬೆರಳು ಹಾಕಿ ನೋಡಿ. ಅಲ್ಲಿ ಕಪ್ಪಗೆ ಜಿಗುಟು ಕೊಳೆ ಕಟ್ಟಿಕೊಂಡು ತುರಿಸುತ್ತೆ. ಪಾಪ, ಅದಕ್ಕೆ ಅಲ್ಲಿಗೆ ಬಾಯಿ ಎಟುಕಲ್ಲ, ಎಟುಕೋದು ಬಾಲ ಒಂದೇ, ಅದನ್ನೇ ಉಜ್ಜುತ್ತೆ. ಗಂಡು ಕುದುರೆಗಳಲ್ಲಿ ಲಿಂಗದ ಚೀಲ ಕೊಳೆಯಾದಾಗಲೂ ಇದೇ ಕಥೆ. ಉಗುರುಬೆಚ್ಚಗಿನ ನೀರು, ಮೆತ್ತಗಿನ ಬಟ್ಟೆ ಸಾಕು. ಸೋಪು ಹಾಕಿದ್ರೆ ಒಂಚೂರೂ ಉಳಿಯದ ಹಾಗೆ ತೊಳೀಬೇಕು.

ಇದು ಬಹಳ ಜನಕ್ಕೆ ಗೊತ್ತೇ ಇರಲ್ಲ. ಸಾವಿರ ಔಷಧ ತರ್ತಾರೆ, ಕೆಚ್ಚಲು ಮಾತ್ರ ತೊಳೆಯಲ್ಲ.

ಎಣ್ಣೆಬಾಟಲಿ
ಎಣ್ಣೆ ತಪ್ಪು ಅಂತ ಎಲ್ಲಿ ಹೇಳಿದೆ ವಿಜ್ಞಾನ? ಹಿರಿಯರು ಸುಮ್ಮನೆ ಹಚ್ತಿದ್ರಾ?

ಕಡಿವಾಣ
ತಪ್ಪು ಅನ್ನಲಿಲ್ಲ ಸ್ವಾಮಿ, ಆಮೇಲೆ ಅಂದೆ.

ಪಶುವೈದ್ಯ_ಒಬ್ಬ
ಎಣ್ಣೆ ಬಗ್ಗೆ ಒಂದು ಮಾತು. ಚರ್ಮದಿಂದ ಹೊರಗೆ ಬಂದ ಕೂದಲು ಕೆರಾಟಿನ್, ಅದಕ್ಕೆ ಜೀವ ಇಲ್ಲ. ಬೆಳವಣಿಗೆ ಆಗೋದು ಚರ್ಮದೊಳಗಿನ ಬುಡದಲ್ಲಿ, ಅಲ್ಲಿಗೆ ಬೇಕಾದ್ದು ರಕ್ತದಿಂದ ಬರಬೇಕು. ಮೇಲೆ ಹಚ್ಚಿದ ಎಣ್ಣೆ ಕೂದಲು ಒಣಗಿ ಮುರಿಯೋದನ್ನ ಕಡಿಮೆ ಮಾಡುತ್ತೆ, ಒಣ ಚರ್ಮ ಮೆತ್ತಗೆ ಮಾಡುತ್ತೆ. ಉದ್ದ ಉಳಿಯುತ್ತೆ, ಆದ್ದರಿಂದ ಬೆಳೆದ ಹಾಗೆ ಕಾಣುತ್ತೆ. ಎಣ್ಣೆಬಾಟಲಿಯವರ ಕುದುರೆಗಳ ಬಾಲ ಚೆನ್ನಾಗಿರೋದಕ್ಕೆ ಎಣ್ಣೆಗಿಂತ ಅವರು ವಾರಕ್ಕೆ ಎರಡು ಸಲ ಆ ಜಾಗ ಮುಟ್ಟಿ ನೋಡ್ತಾರಲ್ಲ, ಅದೇ ಕಾರಣ ಇರಬಹುದು. ಆದ್ರೆ ಎಣ್ಣೆ ಜಾಸ್ತಿ ಆದ್ರೆ ದೂಳು ಹಿಡಿದು ಬುಡದಲ್ಲಿ ಪದರ ಕಟ್ಟುತ್ತೆ, ಮತ್ತೆ ತುರಿಕೆ.

ಬೋಳಿಸಿದ್ರೆ ದಟ್ಟವಾಗಿ ಬರುತ್ತೆ ಅನ್ನೋದು ಸುಳ್ಳು. ಕೂದಲಿನ ದಪ್ಪ, ಸಂಖ್ಯೆ ಎರಡೂ ಬುಡದಲ್ಲೇ ತೀರ್ಮಾನ ಆಗಿರುತ್ತೆ. ಬೋಳಿಸಿದಾಗ ತುದಿ ಮೊಂಡಾಗಿ ಒರಟು ಅನ್ನಿಸುತ್ತೆ, ಅಷ್ಟೇ. ನಿಮ್ಮ ಕುದುರೆಗೆ ಅದರಿಂದ ಇನ್ನಷ್ಟು ನಷ್ಟ: ನೊಣ ಓಡಿಸೋಕೆ ಇರೋದೂ ಹೋಗುತ್ತೆ.

ವೇಗ: ತಿಂಗಳಿಗೆ ಸುಮಾರು 2 ರಿಂದ 2.5 ಸೆಂಟಿಮೀಟರ್. ವರ್ಷಕ್ಕೆ ಹೆಚ್ಚೂ ಕಡಿಮೆ ಒಂದು ಅಡಿ ಅಂದ್ಕೊಳ್ಳಿ. ಮೈ ಕೂದಲಿನ ಹಾಗೆ ಇದು ಋತುವಿಗೆ ಉದುರೋದಲ್ಲ, ಬೆಳೀತಾನೇ ಇರುತ್ತೆ. ಹಾಗಾಗಿ ಬುಡದ ಕೂದಲು ಮಲಗಿ ಸರಿಯಾಗಿ ಕಾಣೋಕೆ ಕೆಲವು ತಿಂಗಳು ಸಾಕು. ಬುಡದಿಂದ ಕೀಲಿನ ತನಕ ಹೊಸದಾಗಿ ಇಳೀಬೇಕು ಅಂದ್ರೆ ಮೂರು ನಾಲ್ಕು ವರ್ಷ.

ಲಾಯಕ್ಕೆ_ಹೊಸಬ
ಮೂರು ನಾಲ್ಕು ವರ್ಷಾನಾ!!

ನಾಲ್ಕುಕಾಲು
ಅಷ್ಟರಲ್ಲಿ ನಮ್ಮ ತಲೆ ಕೂದಲು ಹೋಗಿರುತ್ತೆ ಗುರುವೇ, ಸಮಾಧಾನ ಮಾಡ್ಕೊಳ್ಳಿ.

ಮೂಗುದಾರ
ಡಾಕ್ಟ್ರೇ, ಎಲ್ಲ ಕುದುರೆಗೂ ಒಂದೇ ವೇಗ ಅಂತ ಹೇಗೆ ಹೇಳ್ತೀರಿ? ನನ್ನ ಹತ್ತಿರ ಇರೋ ಎರಡಕ್ಕೂ ಒಂದೇ ಹುಲ್ಲು, ಒಂದೇ ದಾಣಿ, ಒಂದೇ ನೀರು. ಒಂದರ ಬಾಲ ನೆಲ ಗುಡಿಸುತ್ತೆ, ಇನ್ನೊಂದಕ್ಕೆ ಎಷ್ಟು ವರ್ಷ ಆದ್ರೂ ಇಲಿ ಬಾಲ.

ಪಶುವೈದ್ಯ_ಒಬ್ಬ
ಸರಿಯಾದ ಪ್ರಶ್ನೆ. ನಾನು ಹೇಳಿದ್ದು ಸರಾಸರಿ. ತಳಿ ದೊಡ್ಡ ಮಾತು. ಅಪಲೂಸಾ ತಳಿಯ ಎಷ್ಟೋ ಕುದುರೆಗಳಿಗೆ ಹುಟ್ಟಾ ಬಾಲ, ಕತ್ತಿನ ಕೂದಲು ಎರಡೂ ತೆಳು. ಅಖಾಲ್-ಟೆಕೆಗೂ ಹಾಗೇ. ಫ್ರೀಜಿಯನ್ ನೋಡಿ, ಅದಕ್ಕೆ ಕೂದಲೇ ಗುರುತು. ಅಪಲೂಸಾಕ್ಕೆ ಫ್ರೀಜಿಯನ್ ಬಾಲ ತರಿಸೋ ಔಷಧ ಇಲ್ಲ, ಇದೆ ಅಂತ ಮಾರೋರು ಮಾತ್ರ ಬಹಳ ಜನ ಇದ್ದಾರೆ.

ಲಾಯಕ್ಕೆ_ಹೊಸಬ
ಕಡಿವಾಣ ಸರ್, ನೋಡಿದೆ. ಕತ್ತಿನ ಕೂದಲು ಮುಟ್ಟಿಲ್ಲ, ಸೊಂಪಾಗಿದೆ. ಬುಡದಲ್ಲಿ ಗಾಯ ಇಲ್ಲ, ಸ್ವಲ್ಪ ಹೊಟ್ಟು ಇದೆ. ಬಾಲದ ಕೆಳಗೆ ನೀವು ಹೇಳಿದ ಹಾಗೆ ಹಳದಿ ಬಿಳಿ ಬಣ್ಣದ್ದು ಏನೋ ಒಣಗಿ ಹತ್ತಿಕೊಂಡಿದೆ, ಉಗುರಲ್ಲಿ ಕೆರೆದ್ರೆ ಚಕ್ಕೆ ಚಕ್ಕೆ ಬರುತ್ತೆ. ಜಂತುಹುಳದ ಔಷಧಿ ಕೊಟ್ಟಿದ್ದೀನಿ, ಲದ್ದಿ ಪರೀಕ್ಷೆನೂ ಮಾಡಿಸಿದ್ದೆ, ಏನೂ ಇಲ್ಲ ಅಂತ ಬಂತು. ಹಾಗಾಗಿ ಹುಳ ಇರಲಿಕ್ಕಿಲ್ಲ ಅಲ್ವಾ?

ಕಡಿವಾಣ
ಬರಿಗೈಯಲ್ಲಿ ಕೆರೀಬೇಡಿ, ಕೈ ತೊಳ್ಕೊಳ್ಳಿ. ಡಾಕ್ಟ್ರು ಉತ್ತರ ಕೊಡಲಿ, ಆದ್ರೆ ನನಗೆ ಉತ್ತರ ಗೊತ್ತು.

ಪಶುವೈದ್ಯ_ಒಬ್ಬ
ಇದು ಸೂಜಿಹುಳ ಇರೋ ಸಾಧ್ಯತೆ ಜಾಸ್ತಿ, ಆಕ್ಸಿಯೂರಿಸ್ ಈಕ್ವಿ. ಲದ್ದಿ ಪರೀಕ್ಷೆಯಲ್ಲಿ ಇದು ಸಾಮಾನ್ಯವಾಗಿ ಸಿಗಲ್ಲ, ಯಾಕಂದ್ರೆ ಇದರ ಮೊಟ್ಟೆ ಲದ್ದಿಯಲ್ಲಿ ಇರಲ್ಲ. ಹೆಣ್ಣು ಹುಳ ದೊಡ್ಡ ಕರುಳಿಂದ ಗುದದ್ವಾರಕ್ಕೆ ಬಂದು, ಹೊರಗಿನ ಚರ್ಮದ ಮೇಲೆ ಅಂಟಿನ ಜೊತೆ ಸಾವಿರಾರು ಮೊಟ್ಟೆ ಇಟ್ಟು ಹೋಗುತ್ತೆ. ನೀವು ಕೆರೆದ ಚಕ್ಕೆ ಅದೇ. ಆ ಅಂಟು ಒಣಗುವಾಗ ವಿಪರೀತ ತುರಿಕೆ. ಉಜ್ಜಿದಾಗ ಚಕ್ಕೆ ಉದುರಿ ಚೌಕಟ್ಟು, ನೀರಿನ ತೊಟ್ಟಿ, ಹುಲ್ಲು ಎಲ್ಲದಕ್ಕೂ ಹತ್ತಿಕೊಳ್ಳುತ್ತೆ. ಕೆಲವೇ ದಿನದಲ್ಲಿ ಆ ಮೊಟ್ಟೆ ಸೋಂಕು ಹರಡೋ ಹಂತಕ್ಕೆ ಬರುತ್ತೆ. ಪಕ್ಕದ ಕುದುರೆ ಅದೇ ಚೌಕಟ್ಟು ನೆಕ್ಕುತ್ತೆ.

ಪರೀಕ್ಷೆ ಸುಲಭ. ಬೆಳಿಗ್ಗೆ, ಆ ಜಾಗ ತೊಳೆಯೋ ಮುಂಚೆ, ಪಾರದರ್ಶಕ ಅಂಟುಪಟ್ಟಿ ತಗೊಂಡು ಗುದದ ಪಕ್ಕದ ಚರ್ಮಕ್ಕೆ ಒತ್ತಿ ಕಿತ್ತು, ಗಾಜಿನ ಚೂರಿಗೆ ಅಂಟಿಸಿ ನಿಮ್ಮ ಡಾಕ್ಟರಿಗೆ ಕೊಡಿ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಕಂಡುಬಿಡುತ್ತೆ. ಒಂದು ಸಲ ಸಿಗಲಿಲ್ಲ ಅಂದ್ರೆ ಮತ್ತೆ ಮಾಡಿ.

ಔಷಧಿ ವಿಷಯಕ್ಕೆ ಬಂದ್ರೆ, ಐವರ್ಮೆಕ್ಟಿನ್ ಅನ್ನೋ ಜಂತುಹುಳದ ಔಷಧಿ ಈ ಹುಳದ ಮೇಲೆ ಸರಿಯಾಗಿ ಕೆಲಸ ಮಾಡದ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿ ಕಂಡಿವೆ. ಬೇರೆ ಗುಂಪಿನ ಔಷಧಿ ಬೇಕಾಗಬಹುದು. ಯಾವುದು, ಎಷ್ಟು ಅನ್ನೋದು ಕುದುರೆಯ ತೂಕ ನೋಡಿ ನಿಮ್ಮ ಡಾಕ್ಟರು ಹೇಳ್ತಾರೆ, ಇಲ್ಲಿ ಕೇಳಬೇಡಿ. ಔಷಧಿಯಷ್ಟೇ ಮುಖ್ಯ ಶುಚಿ. ದಿನಾ ಆ ಜಾಗವನ್ನ ಒದ್ದೆ ಹತ್ತಿ ಅಥವಾ ಬಿಸಾಡುವ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಸುಟ್ಟುಬಿಡಿ. ಒಂದೇ ಸ್ಪಂಜಿನಲ್ಲಿ ಎಲ್ಲ ಕುದುರೆ ಒರೆಸಿದ್ರೆ ನೀವೇ ಹಂಚಿದ ಹಾಗೆ. ಚೌಕಟ್ಟು, ತೊಟ್ಟಿ ಬಿಸಿನೀರಲ್ಲಿ ತಿಕ್ಕಿ ತೊಳೀಬೇಕು. ಮೊಟ್ಟೆ ಹೊಟ್ಟೆಗೆ ಹೋದ ಮೇಲೆ ಹುಳ ಬೆಳೆದು ಮತ್ತೆ ಮೊಟ್ಟೆ ಇಡೋಕೆ ಸುಮಾರು 5 ತಿಂಗಳು. ತುರಿಕೆ ಹೋಯ್ತು ಅಂತ ಶುಚಿ ಮಾಡೋದು ನಿಲ್ಲಿಸಬೇಡಿ.

ನಾಲ್ಕುಕಾಲು
ಊಟದ ಮುಂಚೆ ಓದಿದೆ. ಧನ್ಯವಾದ ಡಾಕ್ಟ್ರೇ.

ನಾಗಾಲೋಟ
ನಂದು ಬೇರೆ ಕೇಸು. ಬಾಲದ ಬುಡ, ಕತ್ತಿನ ಕೂದಲು ಎರಡೂ ಹೋಗಿ ಚರ್ಮ ಆನೆ ಚರ್ಮದ ಹಾಗೆ ಮಡಿಕೆ ಬಿದ್ದಿದೆ. ಚಳಿಗಾಲ ಬಂತು ಅಂದ್ರೆ ಕಡಿಮೆ. ಯಾರಾದ್ರೂ ಅನುಭವ ಇದ್ದೋರು?

ಕಡಿವಾಣ
ನೊರಜಿನ ಅಲರ್ಜಿ. ಕ್ಯುಲಿಕಾಯ್ಡಿಸ್ ಅನ್ನೋ ಕಣ್ಣಿಗೆ ಸರಿಯಾಗಿ ಕಾಣದಷ್ಟು ಪುಟ್ಟ ನೊರಜು ಕಚ್ಚುವಾಗ ಬಿಡೋ ಜೊಲ್ಲಿಗೆ ಕೆಲವು ಕುದುರೆಗಳ ಮೈ ಹುಚ್ಚೇಳುತ್ತೆ. ಎಲ್ಲದಕ್ಕೂ ಆಗಲ್ಲ, ಅದಕ್ಕೇ ಪಕ್ಕದ ಕುದುರೆ ಆರಾಮಾಗಿರುತ್ತೆ, ನಿಮ್ಮದು ಬೇಲಿ ಮುರಿಯುತ್ತೆ.

ನಿಂತ ನೀರು, ಕೆಸರು, ಲದ್ದಿ ಗುಡ್ಡೆ ಹತ್ತಿರ ಅದರ ಸಂತಾನ. ಮುಂಜಾನೆ, ಮುಸ್ಸಂಜೆ ಅದರ ಊಟದ ಹೊತ್ತು. ಹಾಗಾಗಿ ಆ ಎರಡು ಹೊತ್ತು ಕುದುರೆ ಒಳಗಿರಲಿ. ನೊರಜಿಗೆ ರೆಕ್ಕೆಯಲ್ಲಿ ಶಕ್ತಿ ಕಡಿಮೆ, ಸ್ವಲ್ಪ ಗಾಳಿ ಬೀಸಿದ್ರೂ ಹಾರೋಕಾಗಲ್ಲ. ಲಾಯದಲ್ಲಿ ದೊಡ್ಡ ಫ್ಯಾನ್ ಹಾಕಿ, ವೈರು ಕುದುರೆ ಬಾಯಿಗೆ ಸಿಗದ ಹಾಗೆ. ಅರ್ಧ ಕಾಯಿಲೆ ಅಲ್ಲೇ ಹೋಗುತ್ತೆ. ಮೈಗೆ ಬಲೆಬಟ್ಟೆ ಹಾಕ್ತೀರಾದ್ರೆ ಹೊಟ್ಟೆ ಅಡಿ, ಬಾಲದ ಬುಡ ಎರಡೂ ಮುಚ್ಚೋ ಥರದ್ದು ತಗೊಳ್ಳಿ. ಸೀಸನ್ ಶುರುವಾಗೋ ಮುಂಚೆಯೇ ಹಾಕಬೇಕು, ತುರಿಕೆ ಶುರುವಾದ ಮೇಲೆ ಹಾಕಿದ್ರೆ ಬಟ್ಟೆನೂ ಹರೀತು ಅನ್ನಿ.

ನಾಗಾಲೋಟ
ಫ್ಯಾನ್ ಐಡಿಯಾ ಯಾರೂ ಹೇಳಿರಲಿಲ್ಲ! ಸ್ಪ್ರೇ ಹೊಡೀತಿದ್ದೆ, ಪರ್ಮೆತ್ರಿನ್ ಅನ್ನೋ ಕೀಟನಾಶಕ ಇರೋದು. ಉಪಯೋಗ ಇದೆಯಾ?

ಪಶುವೈದ್ಯ_ಒಬ್ಬ
ಇದೆ, ಕುದುರೆಗೆ ಅಂತಲೇ ಮಾಡಿದ್ದಾದ್ರೆ, ಚೀಟಿಯಲ್ಲಿ ಬರೆದ ಪ್ರಮಾಣದಲ್ಲಿ. ಆದ್ರೆ ಲಾಯದಲ್ಲಿ ಬೆಕ್ಕು ಇದ್ರೆ ಹುಷಾರು. ಪರ್ಮೆತ್ರಿನ್ ಬೆಕ್ಕಿಗೆ ವಿಷ. ಒದ್ದೆ ಇರುವಾಗ ಬೆಕ್ಕು ಕುದುರೆ ಮೈಗೆ ತಾಗದ ಹಾಗೆ ನೋಡ್ಕೊಳ್ಳಿ. ಚರ್ಮ ಅಷ್ಟು ದಪ್ಪ ಆಗಿದೆ ಅಂದ್ರೆ ಒಮ್ಮೆ ಡಾಕ್ಟರಿಗೆ ತೋರಿಸಿ. ಚರ್ಮ ಗಾಯವಾಗಿ ಕಲೆ ಕಟ್ಟಿಬಿಟ್ರೆ ಕೂದಲಿನ ಬುಡವೇ ಸಾಯುತ್ತೆ, ಅಲ್ಲಿ ಮತ್ತೆ ಬರಲ್ಲ. ಕೆಲವು ಕಡೆ ಬಂದ್ರೂ ಬಿಳಿ ಕೂದಲು ಬರುತ್ತೆ.

ಹಳೇಸವಾರ
ನೊರಜಿನ ವಿಷಯ ಬಂತಲ್ಲ, ಒಂದು ಸ್ವಾರಸ್ಯ. ಐಸ್‌ಲ್ಯಾಂಡಿನಲ್ಲಿ (ಕುದುರೆಗೆ ಕಚ್ಚೋ ಈ ನೊರಜು ಅಲ್ಲಿಲ್ಲ) ಹುಟ್ಟಿ ಬೆಳೆದ ಕುದುರೆಯನ್ನ ಬೇರೆ ದೇಶಕ್ಕೆ ಕಳಿಸಿದ್ರೆ ಅದಕ್ಕೆ ಈ ಅಲರ್ಜಿ ಬರೋ ಸಂಭವ ಬಹಳ. ಅದೇ ತಳಿ ಹೊರದೇಶದಲ್ಲೇ ಹುಟ್ಟಿದ್ರೆ ಅಷ್ಟಿಲ್ಲ. ಮರಿಯಿದ್ದಾಗಿನಿಂದ ಕಚ್ಚಿಸಿಕೊಂಡು ಅಭ್ಯಾಸ ಆದ ಮೈಗೆ ತಡ್ಕೊಳ್ಳೋ ಗುಣ ಬರುತ್ತೆ ಅಂತ. ಇನ್ನೊಂದು, ಐಸ್‌ಲ್ಯಾಂಡ್ ಬಿಟ್ಟು ಹೋದ ಕುದುರೆ ವಾಪಸ್ ಆ ದೇಶಕ್ಕೆ ಕಾಲಿಡೋ ಹಾಗಿಲ್ಲ. ಕಾನೂನು.

ನಾಲ್ಕುಕಾಲು
ಪಾಪ. ವೀಸಾನೂ ಇಲ್ಲ, ಬಾಲಾನೂ ಇಲ್ಲ.

ಮೇವುಮಾತು
ಎಲ್ಲರೂ ಉಜ್ಜೋ ಕುದುರೆ ಬಗ್ಗೆ ಮಾತಾಡ್ತಿದೀರಿ. ಉಜ್ಜದೇ ಉದುರೋದೂ ಇದೆ, ಅದನ್ನ ಹೇಳಲೇಬೇಕು, ಯಾಕಂದ್ರೆ ಅದು ಹೆಚ್ಚು ಅಪಾಯ.

ಗುರುತಿಸೋದು ಹೀಗೆ. ಬಿದ್ದ ಕೂದಲು ಬೆಳಕಿಗೆ ಹಿಡಿದು ನೋಡಿ. ಉಜ್ಜಿ ಮುರಿದಿದ್ರೆ ತುದಿ ಸೀಳಿರುತ್ತೆ, ಉದ್ದ ಗಿಡ್ಡ ಹೇಗೇಗೋ ಇರುತ್ತೆ. ಬುಡದಿಂದಲೇ ಬಂದಿದ್ರೆ ಒಂದು ತುದಿಯಲ್ಲಿ ಪುಟ್ಟ ಗಂಟು. ಬಾಚದೇ, ಸುಮ್ಮನೆ ಕೈಯಲ್ಲಿ ಸವರಿದ್ರೇ ಬುಡಸಮೇತ ಜೊಂಪೆ ಬರ್ತಿದ್ರೆ ಹೊಟ್ಟೆಗೆ ಏನು ಹೋಗ್ತಿದೆ ಅಂತ ನೋಡಿ.

ನನಗೆ ಗೊತ್ತಿರೋ ಒಂದು ಲಾಯದಲ್ಲಿ ಹೀಗೇ ಆಯ್ತು. ಬಾಲ ಮತ್ತು ಕತ್ತಿನ ಕೂದಲು ಮಾತ್ರ ಉದುರ್ತಿತ್ತು, ಮೈ ಕೂದಲು ಹೊಳೀತಿತ್ತು. ಗೊರಸಿನ ಮೇಲೆ ಅಡ್ಡ ಗೆರೆಗಳು ಬೇರೆ. ಎಲ್ಲ ಬಗೆಯ ಶಾಂಪೂ ಆಯ್ತು. ಕೊನೆಗೆ ನೋಡಿದ್ರೆ ಬೇಲಿಯುದ್ದಕ್ಕೂ ಸುಬಾಬುಲ್ ಮರ, ದಿನಾ ಅದರ ಸೊಪ್ಪು ಹೊರೆಗಟ್ಟಲೆ ಹಾಕ್ತಿದ್ರು, ಕುದುರೆ ಇಷ್ಟಪಟ್ಟು ತಿಂತಿತ್ತು. ಆ ಸೊಪ್ಪಿನಲ್ಲಿ ಮಿಮೋಸಿನ್ ಅನ್ನೋ ಅಂಶ ಇದೆ, ಕೂದಲು ಬೆಳೆಯೋ ಜೀವಕೋಶ ವಿಭಜನೆಯನ್ನೇ ಅದು ತಡೆಯುತ್ತೆ. ಮೆಲುಕು ಹಾಕೋ ಪ್ರಾಣಿಗಳ ಹೊಟ್ಟೆಯಲ್ಲಿ ಸರಿಯಾದ ಸೂಕ್ಷ್ಮಜೀವಿ ಇದ್ರೆ ಅದನ್ನ ಒಡೆದು ಹಾಕುತ್ತೆ. ಕುದುರೆಗೆ ಆ ಸೌಲಭ್ಯ ಇಲ್ಲ. ಸೊಪ್ಪು ನಿಲ್ಲಿಸಿದ ಮೇಲೆ ಉದುರೋದು ನಿಂತು ಹೊಸದು ಬಂತು.

ಮೂಗುದಾರ
ಸುಬಾಬುಲ್ ಒಳ್ಳೆ ಪ್ರೋಟೀನ್ ಅಂತ ಎಲ್ಲ ಕಡೆ ಹೇಳ್ತಾರಲ್ಲ?

ಮೇವುಮಾತು
ಆಡು ದನಕ್ಕೆ, ಅದೂ ಮಿತವಾಗಿ. ಕುದುರೆಗೆ ಬೇಡ.

ಪಶುವೈದ್ಯ_ಒಬ್ಬ
ಮೇವುಮಾತು ಹೇಳಿದ್ದು ನೂರಕ್ಕೆ ನೂರು. ಇದೇ ಲಕ್ಷಣ ಕೊಡೋ ಇನ್ನೊಂದು ಸೆಲೆನಿಯಂ ಅನ್ನೋ ಖನಿಜ. ಅದು ಅತಿಯಾದ್ರೂ ಬಾಲ, ಕತ್ತಿನ ಕೂದಲು ಉದುರಿ ಗೊರಸು ಬಿರುಕು ಬಿಡುತ್ತೆ. ಕೆಲವು ಪ್ರದೇಶಗಳ ಮಣ್ಣಿನಲ್ಲೇ ಜಾಸ್ತಿ ಇರುತ್ತೆ. ಆದ್ರೆ ಮಣ್ಣಿಗಿಂತ ನಾನು ಹೆದರೋದು ಡಬ್ಬಗಳಿಗೆ. ಕೂದಲಿಗೆ ಒಂದು ಪುಡಿ, ಗೊರಸಿಗೆ ಒಂದು, ಸ್ನಾಯುವಿಗೆ ಒಂದು, ಮೂರರಲ್ಲೂ ಸೆಲೆನಿಯಂ. ಕೂದಲು ಬರಲಿ ಅಂತ ಕೊಟ್ಟು ಕೂದಲು ಉದುರಿಸಿಕೊಳ್ಳಬೇಡಿ, ಡಬ್ಬದ ಹಿಂದೆ ಬರೆದಿದ್ದು ಓದಿ.

ಎಣ್ಣೆಬಾಟಲಿ
ಹಾಗಾದ್ರೆ ಹೊಟ್ಟೆಗೆ ಏನು ಕೊಟ್ರೆ ಒಳ್ಳೇದು? ಬಯೋಟಿನ್ ಅನ್ನೋ ವಿಟಮಿನ್ ಅಂತಾರೆ.

ಮೇವುಮಾತು
ಮೊದಲು ಒಳ್ಳೆ ಹುಲ್ಲು, ಸಾಕಷ್ಟು ಪ್ರೋಟೀನ್. ಕೂದಲು ಅಂದ್ರೆನೇ ಪ್ರೋಟೀನ್, ಅದರಲ್ಲೂ ಗಂಧಕ ಇರೋ ಅಮೈನೋ ಆಮ್ಲಗಳು, ಮೆಥಿಯೋನಿನ್ ಥರದ್ದು. ಸತು, ತಾಮ್ರ ಕಡಿಮೆ ಆದ್ರೆ ಕೂದಲು ಬಣ್ಣಗೆಟ್ಟು ಪೆಡಸಾಗುತ್ತೆ. ಬಯೋಟಿನ್ ದಿನಕ್ಕೆ 15 ರಿಂದ 20 ಮಿಲಿಗ್ರಾಂ ಅಂತ ಕೊಡೋದು ಗೊರಸಿಗೆ, ಅಲ್ಲಿ ಅದರ ಫಲ ಗೊತ್ತಿರೋದೇ, ಅದೂ ತಿಂಗಳುಗಟ್ಟಲೆ ಕೊಟ್ಟ ಮೇಲೆ. ಬಾಲದ ವಿಷಯದಲ್ಲಿ ನಾನು ಅಷ್ಟು ನಂಬಿಕೆ ಇಟ್ಟಿಲ್ಲ. ಅಗಸೆ ಬೀಜ ಪುಡಿ ಮಾಡಿ ಸ್ವಲ್ಪ ಕೊಟ್ರೆ ಮೈ ಕೂದಲು ಹೊಳೆಯುತ್ತೆ. ಅದೇನೇ ಇರಲಿ, ಸರಿಯಾಗಿ ತಿಂತಿರೋ ಕುದುರೆಗೆ ಡಬ್ಬ ಸುರಿದ ಮಾತ್ರಕ್ಕೆ ಬಾಲ ಓಡಿ ಬರಲ್ಲ.

ಗೊರಸುಪ್ರಿಯೆ
ಈಗ ನನ್ನ ವಿಷಯಕ್ಕೆ ಬರ್ತೀನಿ: ಬಾಚೋದು. ಎಷ್ಟೋ ಬಾಲ ಉಜ್ಜಿ ಹೋಗಿರಲ್ಲ, ಬಾಚಿ ಹೋಗಿರುತ್ತೆ! ದಿನಾ ಒಣ ಬಾಲಕ್ಕೆ ಕಬ್ಬಿಣದ ಬಾಚಣಿಗೆ ಹಾಕಿ ಮೇಲಿಂದ ಕೆಳಕ್ಕೆ ಎಳೆಯೋರನ್ನ ಕಂಡ್ರೆ ಕೈಯಿಂದ ಕಿತ್ಕೊಳ್ಳೋ ಮನಸ್ಸಾಗುತ್ತೆ. ಒಂದೊಂದು ಎಳೆ ಅಂದ್ರೆ ವರ್ಷಗಳ ಬೆಳೆ ಅದು.

ನಾನು ಮಾಡೋದು: ಬೆರಳು. ಹುಲ್ಲು, ಕಡ್ಡಿ ಬೆರಳಲ್ಲೇ ತೆಗೀತೀನಿ. ಬಾಚಣಿಗೆ ಬೇಕು ಅಂದ್ರೆ ತೊಳೆದು, ಕಂಡೀಷನರ್ ಅಥವಾ ಸಿಕ್ಕು ಬಿಡಿಸೋ ಸ್ಪ್ರೇ ಹಾಕಿ, ಅಗಲ ಹಲ್ಲಿನದ್ದು. ಒಂದು ಕೈಯಲ್ಲಿ ಜೊಂಪೆ ಗಟ್ಟಿಯಾಗಿ ಹಿಡ್ಕೊಂಡು ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲೆ ಹೋಗೋದು. ಹಿಡ್ಕೊಂಡಿದ್ರೆ ಬುಡಕ್ಕೆ ಎಳೆತ ಬೀಳಲ್ಲ. ಮುಳ್ಳುಬೀಜ ಅಂಟಿದ್ರೆ ಅದಕ್ಕೆ ಎಣ್ಣೆ ಹಾಕಿ, ಜಾರಿಕೊಂಡು ಬರುತ್ತೆ (ಎಣ್ಣೆಬಾಟಲಿ ಅವರೇ, ಇಲ್ಲಿ ನೀವು ಗೆದ್ರಿ). ಸಿಲಿಕೋನ್ ಸ್ಪ್ರೇ ಜೀನು ಕೂರೋ ಜಾಗಕ್ಕೆ ಸಿಡಿಯದ ಹಾಗೆ ನೋಡ್ಕೊಳ್ಳಿ, ಜೀನು ಜಾರುತ್ತೆ.

ಶಾಂಪೂ ತೊಳೆಯುವಾಗ ಬುಡದ ಕೂದಲು ಬಿಡಿಸಿ ಬಿಡಿಸಿ ನೀರು ಹಾಕಿ. ಅಲ್ಲಿ ನೊರೆ ಉಳಿದು ಒಣಗಿದ್ರೆ ಮಾರನೇ ದಿನವೇ ಚೌಕಟ್ಟಿಗೆ ಹೋಗಿ ನಿಲ್ಲುತ್ತೆ.

ಎಣ್ಣೆಬಾಟಲಿ
ಒಪ್ಪಿಕೊಂಡ್ರಲ್ಲ, ಅಷ್ಟು ಸಾಕು ತಾಯಿ.

ಬಿಳಿಕುದುರೆಯವಳು
ಬಾಲ ತೊಳೆಯೋ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಿಮ್ಮದು ಹುಟ್ಟುವಾಗ ಕಪ್ಪಗಿದ್ದು ಆಮೇಲೆ ಬಿಳಿಯಾದ ಕುದುರೆ ಆಗಿದ್ರೆ, ಬಾಲದ ಅಡಿಯ ಬೋಳು ಚರ್ಮವನ್ನ ಬೆರಳಲ್ಲಿ ಸವರಿ ನೋಡೋ ಅಭ್ಯಾಸ ಇಟ್ಕೊಳ್ಳಿ. ಇಂಥ ಕುದುರೆಗಳಿಗೆ ವಯಸ್ಸಾದ ಮೇಲೆ ಅಲ್ಲಿ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಗಡ್ಡೆ ಬರೋದು ಬಹಳ ಸಾಮಾನ್ಯ. ಬಟಾಣಿ ಗಾತ್ರದಲ್ಲಿದ್ದಾಗ ಕೈಗೆ ಸಿಕ್ರೆ ಡಾಕ್ಟರು ಏನಾದ್ರೂ ಮಾಡಬಹುದು. ನನ್ನದಕ್ಕೆ ಬಾಲ ಬಾಚುವಾಗಲೇ ಸಿಕ್ಕಿದ್ದು.

ಲಾಯಕ್ಕೆ_ಹೊಸಬ
ಅಂಟುಪಟ್ಟಿ ಪರೀಕ್ಷೆ ಆಯ್ತು. ಮೊಟ್ಟೆ ಇದೆ! ಡಾಕ್ಟರು ಬೇರೆ ಔಷಧಿ ಕೊಟ್ರು, ಲಾಯದ ಎಲ್ಲ ಕುದುರೆಗಳಿಗೂ ಪರೀಕ್ಷೆ ಮಾಡಿಸಿ ಅಂದ್ರು. ಚೌಕಟ್ಟು ಕುದಿಯೋ ನೀರಲ್ಲಿ ತಿಕ್ಕಿದ್ವಿ, ಮೊಳೆನೂ ಕಿತ್ತಾಯ್ತು. ಈಗ ಕೂದಲು ಉಳಿಸೋಕೆ ಬಾಲಕ್ಕೆ ಬಟ್ಟೆ ಸುತ್ತಿ ಇಡಲಾ? ಬ್ಯಾಂಡೇಜ್ ಇದೆ ನನ್ನ ಹತ್ತಿರ.

ಕಡಿವಾಣ
ಬೇಡ ಬೇಡ ಬೇಡ. ಬಿಗಿ ಬ್ಯಾಂಡೇಜ್ ಕಟ್ಟಿ ರಾತ್ರಿ ಬಿಡಬೇಡಿ. ಬಾಲದ ಬುಡದಲ್ಲಿರೋದು ಮೂಳೆ, ಅದರ ಸುತ್ತ ತೆಳು ಮಾಂಸ. ರಕ್ತ ಓಡಾಟ ನಿಂತ್ರೆ ಕೂದಲು ಮಾತ್ರ ಅಲ್ಲ, ಬಾಲದ ತುಂಡೇ ಕೊಳೆತು ಬಿದ್ದಿರೋ ಪ್ರಸಂಗಗಳಿವೆ. ಒದ್ದೆ ಬ್ಯಾಂಡೇಜ್ ಇನ್ನೂ ಕೆಟ್ಟದ್ದು, ಒಣಗ್ತಾ ಬಿಗಿಯಾಗುತ್ತೆ. ಪ್ರಯಾಣಕ್ಕೆ ಅಂತ ಕೆಲವು ಗಂಟೆ ಕಟ್ಟೋದು ಬೇರೆ, ಇಳಿಸಿದ ತಕ್ಷಣ ಬಿಚ್ಚಬೇಕು.

ಗೊರಸುಪ್ರಿಯೆ
ಬ್ಯಾಂಡೇಜ್ ಬೇಡ, ಬಾಲಚೀಲ ಹಾಕಿ. ಮೂಳೆ ಮುಗಿಯೋ ಜಾಗ ಕೈಗೆ ಸಿಗುತ್ತೆ, ಅದರಿಂದ ನಾಲ್ಕು ಬೆರಳು ಕೆಳಗೆ ಸಡಿಲವಾಗಿ ಜಡೆ ಶುರು ಮಾಡಿ. ಜಡೆಯನ್ನ ಚೀಲದೊಳಗೆ ಹಾಕಿ, ಚೀಲದ ದಾರವನ್ನ ಜಡೆ ಎಳೆಗಳ ನಡುವೆ ತೂರಿಸಿ ಕಟ್ಟಿ. ಮೂಳೆ ಸುತ್ತ ಏನೂ ಕಟ್ಟೋ ಹಾಗಿಲ್ಲ. ಆಗಾಗ ಬಿಚ್ಚಿ ತೊಳೆದು ಮತ್ತೆ ಹೆಣೀಬೇಕು.

ಕಡಿವಾಣ
ಚೀಲದ ಬಗ್ಗೆಯೂ ನನ್ನ ತಕರಾರಿದೆ ಅಕ್ಕ. ನೊಣದ ಕಾಲದಲ್ಲಿ ಚೀಲ ಹಾಕಿದ್ರೆ ಅದು ನೊಣ ಓಡಿಸೋದು ಹೇಗೆ? ಬಯಲಿಗೆ ಬಿಟ್ಟಾಗ ಪೊದೆಗೋ ಬೇಲಿಗೋ ಸಿಕ್ಕಿಕೊಂಡ್ರೆ ಇಡೀ ಜಡೆ ಬುಡಸಮೇತ ಬರುತ್ತೆ. ಮಳೆಯಲ್ಲಿ ನೆಂದ ಚೀಲದ ಭಾರ ಒಂದೊಂದು ಎಳೆಗೂ ಎಳೆತ.

ಗೊರಸುಪ್ರಿಯೆ
ತುದಿಯಲ್ಲಿ ಕುಚ್ಚು ಇರೋ ಚೀಲ ಸಿಗುತ್ತೆ ಅಣ್ಣ, ನೊಣಕ್ಕೆ ಸಾಕು. ಎಳೆದ್ರೆ ಬಿಚ್ಚಿಕೊಳ್ಳೋ ದಾರ ಹಾಕಿ. ನನ್ನ ಮೂರು ಕುದುರೆ ಬಾಲ ಚೀಲದಲ್ಲೇ ಬೆಳೆದಿದ್ದು.

ಕಡಿವಾಣ
ನನ್ನವು ಬಯಲಲ್ಲಿ ಬೆಳೆದವು. ಕುಚ್ಚು ಅಂದ್ರೆ ಕುಚ್ಚು, ಬಾಲ ಅಂದ್ರೆ ಬಾಲ.

ಮೂಗುದಾರ
ಚೀಲದ ಕಥೆ ಇರಲಿ. ನನ್ನ ಹೆಣ್ಣು ಕುದುರೆ ಬಾಲ ಅದರ ಮರಿಯೇ ಅಗಿದು ತಿಂದುಹಾಕಿದೆ. ಖಾರದಪುಡಿ ಹಚ್ಚಿ ಅಂತಾರೆ.

ಪಶುವೈದ್ಯ_ಒಬ್ಬ
ಮರಿಗಳು ಅಗಿಯುತ್ವೆ, ಜೊತೆಗೆ ಮೇಯೋ ಕರು, ಆಡೂ ಅಗಿಯುತ್ವೆ. ಮರಿಗೆ ಹುಲ್ಲು ಯಾವಾಗ್ಲೂ ಸಿಗಲಿ, ಓಡಾಡೋಕೆ ಜೊತೆಗಾರ ಇರಲಿ, ಬಹುಪಾಲು ನಿಲ್ಲುತ್ತೆ. ಖಾರ ಬೇಡ. ಚರ್ಮ ಕೆರೆದಿದ್ರೆ ತಾಯಿಗೆ ಉರಿ, ಬಾಲ ಬೀಸಿದ್ರೆ ನಿಮ್ಮ ಕಣ್ಣಿಗೂ ಬೀಳುತ್ತೆ. ಕಹಿ ಸ್ಪ್ರೇ ಬಳಸಿ.

ಹಳೇಸವಾರ
ಸ್ಪರ್ಧೆಗೆ ಹೋಗೋರು ಖಾರದ ಹತ್ತಿರವೂ ಸುಳಿಯಬೇಡಿ. ಮೆಣಸಿನ ಖಾರದ ಅಂಶ ಕ್ಯಾಪ್ಸೈಸಿನ್, ಕುದುರೆ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐ ನಿಯಮದಲ್ಲಿ ನಿಷೇಧ. 2008ರ ಒಲಿಂಪಿಕ್ಸ್‌ನಲ್ಲಿ ಜಿಗಿತದ ಸ್ಪರ್ಧೆಯ ಕುದುರೆಗಳು ಅದರಿಂದಲೇ ಸಿಕ್ಕಿಬಿದ್ದಿದ್ದು.

ನಾಲ್ಕುಕಾಲು
ಇಷ್ಟೆಲ್ಲಾ ಒದ್ದಾಟ ಯಾಕೆ, ಬಾಲವನ್ನೇ ಮೋಟು ಮಾಡ್ತಿದ್ರಲ್ಲ ಹಿಂದೆ, ಗಾಡಿ ಕುದುರೆಗಳಿಗೆ?

ಹಳೇಸವಾರ
ತಮಾಷೆಗೂ ಹೇಳಬೇಡಿ. ಲಗಾಮು ಬಾಲದಡಿ ಸಿಕ್ಕಿಕೊಳ್ಳುತ್ತೆ ಅನ್ನೋ ನೆಪದಲ್ಲಿ ಮೂಳೆಸಮೇತ ಕತ್ತರಿಸ್ತಿದ್ರು. ಬೇಸಿಗೆಯಲ್ಲಿ ನೊಣ ಮುತ್ತಿದ್ರೆ ಆ ಪ್ರಾಣಿಗೆ ಗತಿ ಇಲ್ಲ. ಬ್ರಿಟನ್ 1949ರಲ್ಲೇ ಕಾಯ್ದೆ ಮಾಡಿ ನಿಲ್ಲಿಸ್ತು. ಬಾಲ ಕುದುರೆಯ ಮಾತು ಕೂಡ. ಸಿಟ್ಟು, ನೋವು, ಸೊಕ್ಕು ಎಲ್ಲ ಅಲ್ಲೇ ಕಾಣೋದು. ಇನ್ನು ಪ್ರದರ್ಶನಗಳಲ್ಲಿ ಕಟ್ಟೋ ಕೃತಕ ಬಾಲ, ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶ ಇದೆ. ನನಗೆ ಇಷ್ಟ ಇಲ್ಲ, ಆದ್ರೆ ಯಾರಿಗೂ ನೋವಿಲ್ಲ.

ತಂತಿವಾದ್ಯ
ಕುದುರೆ ಇಲ್ಲ ನನ್ನ ಹತ್ತಿರ, ಪಿಟೀಲು ಇದೆ. ಒಂದು ಕಮಾನಿಗೆ ಸುಮಾರು 150 ರಿಂದ 200 ಎಳೆ ಕುದುರೆ ಬಾಲದ ಕೂದಲು ಬೇಕು, ಹೆಚ್ಚಾಗಿ ಬಿಳಿಯದ್ದು. ಗಂಡು ಕುದುರೆ ಕೂದಲಿಗೆ ಬೆಲೆ ಜಾಸ್ತಿಯಂತೆ, ಹೆಣ್ಣು ಕುದುರೆ ಮೂತ್ರ ಬಾಲಕ್ಕೆ ತಾಗಿ ಕೂದಲು ದುರ್ಬಲ ಆಗುತ್ತೆ ಅಂತ. ಇದು ನಿಜವಾ? ಹಾಗಿದ್ರೆ ಬಾಲ ಬೆಳೆಸೋರಿಗೂ ಅದು ಅನ್ವಯ ಆಗ್ಬೇಕಲ್ಲ.

ಗೊರಸುಪ್ರಿಯೆ
ಖಂಡಿತ ಆಗುತ್ತೆ! ಹೆಣ್ಣು ಕುದುರೆ ಬಾಲದ ಒಳಪದರ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿಕೊಂಡಿರುತ್ತೆ, ಹಳದಿ ಬಣ್ಣ. ಬೇರೆ ದಿನ ಶಾಂಪೂ ಇಲ್ಲದಿದ್ರೂ ಆ ಒಳಗಿನ ಭಾಗ ಬರೀ ನೀರಲ್ಲಿ ತೊಳೀಬೇಕು. ಹೊಸಬರೇ, ಇದು ನಿಮಗೂ.

ಲಾಯಕ್ಕೆ_ಹೊಸಬ
ಬರೆದಿಟ್ಕೊಂಡೆ ಅಕ್ಕ. ಉಜ್ಜೋದು ಬಹಳ ಕಡಿಮೆ ಆಗಿದೆ. ಬುಡದಲ್ಲಿ ಬರ್ತಿರೋ ಹೊಸ ಕೂದಲು ನೆಟ್ಟಗೆ ನಿಂತು ಎರಡೂ ಕಡೆ ರೆಕ್ಕೆ ಥರ ಹರಡಿದೆ. ಮತ್ತೆ ಮುರೀತಿದೆಯೇನೋ ಅಂತ ಭಯ. ನೋಡೋಕೆ ಚೆನ್ನಾಗಿಲ್ಲ, ಅದನ್ನ ಕತ್ತರಿಸಿ ಸಮ ಮಾಡಲಾ?

ಪಶುವೈದ್ಯ_ಒಬ್ಬ
ತುದಿ ಮುಟ್ಟಿ ನೋಡಿ. ಚೂಪಾಗಿ ತೆಳ್ಳಗಿದ್ರೆ ಹೊಸ ಕೂದಲು, ಮೊಂಡಾಗಿ ಸೀಳಿದ್ರೆ ಮುರಿದಿದ್ದು.

ಕಡಿವಾಣ
ಕತ್ತರಿ ಒಳಗಿಡಿ. ಒದ್ದೆ ಕೈಯಲ್ಲಿ ಸವರಿ ಮಲಗಿಸಿ, ಉದ್ದ ಆದ ಹಾಗೆ ತೂಕಕ್ಕೆ ತಾನೇ ಬಾಗುತ್ತೆ. ಕೆಳಗಿನ ತುದಿಯಲ್ಲಿ ಸೀಳಿದ್ದನ್ನ ಬೇಕಾದ್ರೆ ಒಂದು ಬೆರಳಗಲ ಕತ್ತರಿಸಿ, ನೆಲಕ್ಕೆ ತಾಗೋ ಬಾಲ ಇದ್ರೆ ಹಿಂದಕ್ಕೆ ಹೆಜ್ಜೆ ಇಡುವಾಗ ತಾನೇ ತುಳಿದು ಕಿತ್ಕೊಳ್ಳುತ್ತೆ ಬೇರೆ. ಬುಡ ಮಾತ್ರ ಮುಟ್ಟಬೇಡಿ.

ಎಣ್ಣೆಬಾಟಲಿ
ಒಂದೆರಡು ಹನಿ ಎಣ್ಣೆ ಬೆರಳಿಗೆ ತಗೊಂಡು ಸವರಿದ್ರೆ ಇನ್ನೂ ಚೆನ್ನಾಗಿ ಮಲಗುತ್ತೆ.

ಕಡಿವಾಣ
ಸರಿ. ಎರಡೇ ಹನಿ.

ಕತ್ತೆಪ್ರೇಮಿ
ತಡವಾಗಿ ಬಂದೆ. ಹೇಸರಗತ್ತೆಗೂ ಇದೇ ಲೆಕ್ಕಾನಾ? ನಮ್ಮದರ ಬಾಲ ಬುಡದಲ್ಲಿ ಯಾವತ್ತೂ ತೆಳುವೇ.

ಪಶುವೈದ್ಯ_ಒಬ್ಬ
ಕತ್ತೆಗೆ ದನದ ಹಾಗೆ ತುದಿಯಲ್ಲಿ ಮಾತ್ರ ಕುಚ್ಚು, ಹೇಸರಗತ್ತೆ ಎರಡರ ನಡುವೆ. ಬುಡ ತೆಳುವಾಗಿರೋದು ಅದರ ಸ್ವಭಾವ, ತುರಿಕೆ ಇಲ್ಲದಿದ್ರೆ ಚಿಂತೆ ಬೇಡ. ಹೇನು ಮಾತ್ರ ನೋಡಿ, ದಟ್ಟ ಕೂದಲಿನ ಬುಡದಲ್ಲಿ ಅಡಗಿರುತ್ತೆ. ಹಗಲು ಬೆಳಕಲ್ಲಿ ಕೂದಲು ಬಿಡಿಸಿ ನೋಡಿದ್ರೆ ಓಡಾಡೋದು ಕಾಣುತ್ತೆ.

ಕತ್ತೆಪ್ರೇಮಿ
ಈಗಲೇ ನೋಡಿ ಬರ್ತೀನಿ. ಅದು ಒದೆಯೋ ಜಾತಿ, ಬರದೇ ಇದ್ರೆ ಅರ್ಥ ಮಾಡ್ಕೊಳ್ಳಿ.